ಹುಲ್ಲಿನ ಔಷಧಿ ಕುಡಿದ ತಮ್ಮನಿಗೆ ಆಕ್ಸಿಜನ್ ಯಾಕೆ ಕೊಡುತ್ತಿಲ್ಲ? ತಿಳಿದವರು ದಯವಿಟ್ಟು ಹೇಳಿ

ಚನ್ನಗಿರಿ_ತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ತಾಲ್ಲೂಕು. ಅಡಿಕೆ ತೋಟ ಇದೆ, ಒಂದಿಷ್ಟು ಮೆಕ್ಕೆಜೋಳ ಹಾಕುತ್ತೇವೆ. ನನ್ನ ತಮ್ಮನಿಗೆ 26 ವರ್ಷ. ಭಾನುವಾರ ಸಂಜೆ ಮನೆಯಲ್ಲಿ ಸಾಲದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಸಿಟ್ಟಿನಲ್ಲಿ ಎದ್ದು ಹೋದವನು ತೋಟದ ಮನೆಯಲ್ಲಿದ್ದ ಹುಲ್ಲಿನ ಔಷಧಿ ಕುಡಿದುಬಿಟ್ಟ. ಕೂಡಲೇ ವಾಂತಿ ಆಯಿತಂತೆ. ಅವನೇ ಓಡಿ ಬಂದು ಅಮ್ಮನಿಗೆ ಹೇಳಿದ. ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ, ಅಲ್ಲಿಂದ ರಾತ್ರಿಯೇ ದಾವಣಗೆರೆಗೆ ಕರೆದುಕೊಂಡು ಬಂದೆವು. ಈಗ ಐಸಿಯುನಲ್ಲಿ ಇದ್ದಾನೆ.

ಇವತ್ತು ಬುಧವಾರ. ಅವನು ಚೆನ್ನಾಗಿ ಮಾತಾಡುತ್ತಿದ್ದಾನೆ. ನಡೆದುಕೊಂಡೇ ಬಾತ್‌ರೂಮಿಗೆ ಹೋಗುತ್ತಾನೆ. ಬಾಯಲ್ಲಿ, ಗಂಟಲಲ್ಲಿ ಹುಣ್ಣಾಗಿದೆ, ಎಂಜಲು ನುಂಗಲೂ ಕಷ್ಟ. ಅದು ಬಿಟ್ಟರೆ ಜ್ವರ ಇಲ್ಲ, ಏನೂ ಇಲ್ಲ. "ಅಣ್ಣ, ತಪ್ಪಾಯಿತು, ಯಾವಾಗ ಮನೆಗೆ ಹೋಗೋದು" ಎಂದು ಕೇಳುತ್ತಾನೆ. ಆದರೆ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು "ಈಗಲೇ ಏನೂ ಹೇಳಲಿಕ್ಕಾಗುವುದಿಲ್ಲ, ಕಿಡ್ನಿ ಏರುಪೇರಾಗಿದೆ, ಮುಂದೆ ಶ್ವಾಸಕೋಶಕ್ಕೆ ಬರಬಹುದು, ಜೀವಕ್ಕೆ ಅಪಾಯ ಇದೆ" ಎಂದರು. ಔಷಧಿ ಪ್ಯಾರಾಕ್ವಾಟ್ ಎಂದು ಬಾಟಲಿ ನೋಡಿ ಹೇಳಿದರು.

ನನಗೆ ಅರ್ಥವಾಗದೇ ಇರುವುದು ಇದು. ಶ್ವಾಸಕೋಶಕ್ಕೆ ತೊಂದರೆ ಬರುತ್ತದೆ ಎನ್ನುತ್ತಾರೆ, ಆದರೆ ಆಕ್ಸಿಜನ್ ಹಾಕಿಲ್ಲ. ಪಕ್ಕದ ಬೆಡ್‌ನವರಿಗೆಲ್ಲ ಮಾಸ್ಕ್ ಇದೆ, ಇವನಿಗೆ ಇಲ್ಲ. ಕೇಳಿದರೆ "ಕೊಡಬಾರದು" ಎಂದಷ್ಟೇ ಹೇಳಿ ಹೋಗುತ್ತಾರೆ. ನಮ್ಮ ಮಾವ ಬೆಂಗಳೂರಿಗೆ ಕರೆದುಕೊಂಡು ಹೋಗೋಣ, ಅಲ್ಲಿ ರಕ್ತ ಸೋಸುವ ಯಂತ್ರ ಇದೆ, ಅರ್ಧ ಎಕರೆ ಮಾರಿದರೂ ಸರಿ ಎನ್ನುತ್ತಿದ್ದಾರೆ. ಊರಲ್ಲಿ ಒಬ್ಬರು ಹುಲ್ಲಿನ ಔಷಧಿಯೇ ಕುಡಿದು ಎರಡು ದಿನಕ್ಕೆ ಮನೆಗೆ ಬಂದಿದ್ದರು, ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಹಾಗಾದರೆ ಇವನಿಗೆ ಯಾಕೆ ಹೀಗೆ ಹೇಳುತ್ತಿದ್ದಾರೆ? ಗೊತ್ತಿರುವವರು ನಿಜ ಏನಿದೆಯೋ ಹಾಗೇ ಹೇಳಿ.

ಐಸಿಯು_ಸಿಸ್ಟರ್

ಅಣ್ಣ, ಮೊದಲು ಒಂದು ಮಾತು. ದಯವಿಟ್ಟು ನೀವಾಗಿ ಅಥವಾ ಮನೆಯವರಾಗಿ ಆಕ್ಸಿಜನ್ ಹಾಕಿ ಎಂದು ಹಟ ಮಾಡಬೇಡಿ. ನಾನು ಕೆಲಸ ಮಾಡುವ ಕಡೆ ಒಬ್ಬ ರೋಗಿಯ ಕಡೆಯವರು ರಾತ್ರಿ ನಾವು ಇನ್ನೊಂದು ಬೆಡ್ ಹತ್ತಿರ ಇದ್ದಾಗ ಗೋಡೆಯ ಫ್ಲೋಮೀಟರ್ ತಿರುಗಿಸಿ ತಾವೇ ಮಾಸ್ಕ್ ಹಾಕಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಈ ವಿಷಕ್ಕೆ ಅದು ಕೆಟ್ಟದ್ದು. ಯಾಕೆ ಎಂದು ಡಾಕ್ಟರ್‌ಗಳು ಯಾರಾದರೂ ವಿವರವಾಗಿ ಬರೆಯುತ್ತಾರೆ.

ಬಾಯಿ ಹುಣ್ಣಿಗೆ ಅವರು ಕೊಟ್ಟಿರುವ ಲೋಷನ್‌ನಲ್ಲಿ ಆಗಾಗ ಬಾಯಿ ಮುಕ್ಕಳಿಸಲು ಹೇಳಿ. ಖಾರ, ಬಿಸಿ ಬೇಡ. ನುಂಗಲು ಡಾಕ್ಟರ್ ಒಪ್ಪಿದರೆ ತಣ್ಣಗಿನ ಗಂಜಿ, ಮಜ್ಜಿಗೆ ಸಾಕು. ಮೂತ್ರ ಎಷ್ಟು ಹೋಗುತ್ತಿದೆ ಎಂದು ನಾವು ಬರೆದಿಡುತ್ತೇವೆ, ಅವನು ಬಾತ್‌ರೂಮಿಗೆ ಹೋದರೂ ಅಳತೆ ಪಾತ್ರೆಯಲ್ಲೇ ಹಿಡಿಯಲು ಹೇಳಿ. ನಮಗೆ ಆ ಲೆಕ್ಕ ತುಂಬಾ ಮುಖ್ಯ.

ಹಾಸನದ_ಫಿಸಿಷಿಯನ್

ನಾನು ಮೆಡಿಸಿನ್ ಡಾಕ್ಟರ್. ಓದುವಾಗಲೂ ಈಗಲೂ ಇಂಥ ರೋಗಿಗಳನ್ನು ಜಾಸ್ತಿ ನೋಡಿದ್ದೇನೆ. ನಿಜ ಹೇಳಿ ಎಂದು ಕೇಳಿದ್ದೀರಿ, ಹಾಗಾಗಿ ಹೇಳುತ್ತೇನೆ. ಓದಲು ಕಷ್ಟವಾಗಬಹುದು. ಪೂರ್ತಿ ಓದಿ.

ನಿಮ್ಮ ಊರಿನವರು ಎರಡು ದಿನಕ್ಕೆ ಮನೆಗೆ ಬಂದರು ಎಂದಿರಲ್ಲ, ಅವರು ಕುಡಿದದ್ದು ಬಹುಶಃ ಬೇರೆ ಔಷಧಿ. ನಮ್ಮಲ್ಲಿ ಎಲ್ಲವನ್ನೂ "ಹುಲ್ಲಿನ ಔಷಧಿ" ಎಂದುಬಿಡುತ್ತೇವೆ. ಆದರೆ ಗ್ಲೈಫೋಸೇಟ್ ಬೇರೆ, 2,4-ಡಿ ಬೇರೆ, ಬ್ಯುಟಾಕ್ಲೋರ್ ಬೇರೆ, ಪ್ಯಾರಾಕ್ವಾಟ್ ಬೇರೆ. ದೇಹದ ಒಳಗೆ ಅವು ಮಾಡುವ ಕೆಲಸಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ರೋಗಿ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆಯೇ "ಬಾಟಲಿ ತಂದಿದ್ದೀರಾ?" ನೀವು ತಂದಿದ್ದೀರಿ. ಅದರಿಂದ ಅಲ್ಲಿನ ಡಾಕ್ಟರಿಗೆ ಮೊದಲ ರಾತ್ರಿಯೇ ದಾರಿ ಗೊತ್ತಾಗಿದೆ. ಬಾಟಲಿ ಇಲ್ಲದೆ ಬಂದವರಿಗೆ ಕೀಟನಾಶಕದ ವಿಷ ಎಂದುಕೊಂಡು ಅದಕ್ಕೆ ಕೊಡುವ ಅಟ್ರೋಪಿನ್ ಎಂಬ ಮದ್ದು ಶುರು ಮಾಡಿ, ಮರುದಿನ ಬಾಯಿ ಹುಣ್ಣು ನೋಡಿದ ಮೇಲೆ ಪ್ಯಾರಾಕ್ವಾಟ್ ಎಂದು ಗೊತ್ತಾಗುವುದೂ ಉಂಟು. ಅಷ್ಟು ಹೊತ್ತಿಗೆ ಬೆಲೆಬಾಳುವ ಗಂಟೆಗಳು ಹೋಗಿರುತ್ತವೆ.

ಈಗ ಆಕ್ಸಿಜನ್ ವಿಷಯ. ಪ್ಯಾರಾಕ್ವಾಟ್ ರಕ್ತಕ್ಕೆ ಬೇಗ ಸೇರುತ್ತದೆ, ಒಂದೆರಡು ಗಂಟೆಯಲ್ಲೇ ರಕ್ತದಲ್ಲಿ ಅದರ ಮಟ್ಟ ತುತ್ತತುದಿಗೆ ಹೋಗುತ್ತದೆ. ನಮ್ಮ ಶ್ವಾಸಕೋಶದ ಜೀವಕೋಶಗಳಿಗೆ ಪಾಲಿಅಮೈನ್ ಎಂಬ ವಸ್ತು ಬೇಕು, ಅದನ್ನು ಒಳಗೆ ಎಳೆದುಕೊಳ್ಳಲು ಅವಕ್ಕೆ ಒಂದು ಬಾಗಿಲು ಇದೆ. ಪ್ಯಾರಾಕ್ವಾಟ್‌ನ ಆಕಾರ ಪಾಲಿಅಮೈನ್‌ಗೆ ಹೋಲುತ್ತದೆ. ಹಾಗಾಗಿ ಜೀವಕೋಶಗಳು ಈ ವಿಷವನ್ನು ತಾವೇ ಎಳೆದು ಒಳಗೆ ತುಂಬಿಕೊಳ್ಳುತ್ತವೆ. ರಕ್ತದಲ್ಲಿ ಕಡಿಮೆಯಾದ ಮೇಲೂ ಶ್ವಾಸಕೋಶದಲ್ಲಿ ಅದು ಬಹಳ ಹೆಚ್ಚಾಗಿ ಉಳಿಯುತ್ತದೆ. ಒಳಗೆ ಹೋದದ್ದು ಒಂದು ಎಲೆಕ್ಟ್ರಾನ್ ತೆಗೆದುಕೊಂಡು ಅದನ್ನು ಆಮ್ಲಜನಕಕ್ಕೆ ದಾಟಿಸುತ್ತದೆ. ಆ ಆಮ್ಲಜನಕ ಜೀವಕೋಶವನ್ನೇ ಸುಡುವ ರೂಪಕ್ಕೆ ತಿರುಗುತ್ತದೆ. ಪ್ಯಾರಾಕ್ವಾಟ್ ಮಾತ್ರ ಖರ್ಚಾಗುವುದಿಲ್ಲ. ಮತ್ತೆ ಮೊದಲಿನ ರೂಪಕ್ಕೆ ಬಂದು ಇನ್ನೊಂದು ಸುತ್ತು ಶುರು ಮಾಡುತ್ತದೆ. ಇಂಥ ಹೊತ್ತಿನಲ್ಲಿ ಬೇಡದೆ ಆಕ್ಸಿಜನ್ ಕೊಡುವುದು ಒಲೆಗೆ ಊದುಗೊಳವೆಯಲ್ಲಿ ಊದಿದ ಹಾಗೆ.

ಅದಕ್ಕೇ ರಕ್ತದಲ್ಲಿನ ಆಮ್ಲಜನಕ ತೋರಿಸಲು ಬೆರಳಿಗೆ ಹಾಕಿದ ಯಂತ್ರದಲ್ಲಿ 90ರ ಆಸುಪಾಸಿಗಿಂತ ಮೇಲೆ ಇರುವ ತನಕ ನಾವು ಆಕ್ಸಿಜನ್ ಹಾಕುವುದಿಲ್ಲ. ಅದಕ್ಕಿಂತ ಇಳಿದರೆ ಎಷ್ಟು ಬೇಕೋ ಅಷ್ಟೇ ಕೊಡುತ್ತೇವೆ. ನಿಮ್ಮ ತಮ್ಮನಿಗೆ ಕೊಡದೇ ಇರುವುದು ಅಸಡ್ಡೆಯಿಂದ ಅಲ್ಲ, ಅದೂ ಚಿಕಿತ್ಸೆಯೇ. "ಕೊಡಬಾರದು" ಎಂದು ಹೇಳಿ ಹೋದದ್ದಕ್ಕೆ ನಿಮಗೆ ಬೇಸರವಾಗಿದೆ, ಅದು ಸಹಜ. ನಾಳೆ ರೌಂಡ್ಸ್ ಮುಗಿದ ಮೇಲೆ ಅವರನ್ನು ಹತ್ತು ನಿಮಿಷ ಕೂತು ಮಾತಾಡಲು ಕೇಳಿ.

"ಚೆನ್ನಾಗಿ ಮಾತಾಡುತ್ತಿದ್ದಾನೆ" ಎಂಬ ನಿಮ್ಮ ಮಾತು ಓದಿ ನನಗೆ ಸಂಕಟವಾಯಿತು. ಈ ವಿಷದ ಕ್ರೌರ್ಯವೇ ಅದು. ಮೆದುಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ರೋಗಿಗೆ ಕೊನೆಯವರೆಗೂ ಎಚ್ಚರ ಇರುತ್ತದೆ. ಎರಡನೇ, ಮೂರನೇ ದಿನ ಎದ್ದು ಕೂರುತ್ತಾರೆ, ಮನೆಗೆ ಕಳಿಸಿ ಎನ್ನುತ್ತಾರೆ. ಮನೆಯವರೂ ಗೆದ್ದೆವು ಎಂದುಕೊಳ್ಳುತ್ತಾರೆ. ಹಾಗಾಗಿ ಅವನು ಹೇಗೆ ಕಾಣುತ್ತಾನೆ ಎನ್ನುವುದರ ಮೇಲೆ ಏನೂ ತೀರ್ಮಾನ ಮಾಡಬೇಡಿ.

ಸ್ಥೂಲವಾಗಿ ಮೂರು ರೀತಿ ಆಗುತ್ತದೆ. ತುಂಬಾ ಪ್ರಮಾಣ ಒಳಗೆ ಹೋಗಿದ್ದರೆ ಹೃದಯ, ಕಿಡ್ನಿ, ಲಿವರ್, ಶ್ವಾಸಕೋಶ ಎಲ್ಲ ಒಟ್ಟಿಗೆ ಕೈಕೊಟ್ಟು ಒಂದರಿಂದ ನಾಲ್ಕು ದಿನದಲ್ಲಿ ಸಾವು ಬರುತ್ತದೆ. ನಿಮ್ಮ ತಮ್ಮ ಬುಧವಾರ ನಡೆದಾಡುತ್ತಿದ್ದಾನೆ ಅಂದರೆ ಆ ಗುಂಪಿಗೆ ಸೇರಿದಂತೆ ಕಾಣುವುದಿಲ್ಲ. ಎರಡನೆಯದರಲ್ಲಿ ಮೊದಲು ಬಾಯಿ ಹುಣ್ಣು, ಒಂದೆರಡು ದಿನದಲ್ಲಿ ಕಿಡ್ನಿ ತೊಂದರೆ, ಕೆಲವರಿಗೆ ಕಣ್ಣು ಹಳದಿ, ಆಮೇಲೆ ಮೊದಲ ವಾರದ ಕೊನೆಯಿಂದ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವುದು. ಇವರಲ್ಲಿ ಅನೇಕರು ಎರಡು ಮೂರು ವಾರದ ಒಳಗೆ ತೀರಿಕೊಳ್ಳುತ್ತಾರೆ, ಕೆಲವರು ಉಳಿಯುತ್ತಾರೆ. ಮೂರನೆಯದು ಬರೀ ವಾಂತಿ, ಭೇದಿ, ಬಾಯಿ ಹುಣ್ಣಿಗೆ ಮುಗಿದು ಪೂರ್ತಿ ಗುಣವಾಗುವವರು. ನಿಮ್ಮ ತಮ್ಮ ಎರಡನೆಯ ಗುಂಪಿನಲ್ಲಿದ್ದಾನೋ, ಎರಡಕ್ಕೂ ಮೂರಕ್ಕೂ ನಡುವೆ ಇದ್ದಾನೋ ಎನ್ನುವುದು ಇನ್ನು ಕೆಲವು ದಿನದಲ್ಲಿ ಗೊತ್ತಾಗುತ್ತದೆ. ಒಟ್ಟಾರೆ ನೋಡಿದರೆ ಪ್ಯಾರಾಕ್ವಾಟ್ ಕುಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲು ನನ್ನಿಂದಾಗದು.

ನನಗೆ ಮೂರು ವಿಷಯ ತಿಳಿಸಿದರೆ ಇನ್ನೂ ಸ್ವಲ್ಪ ಸರಿಯಾಗಿ ಹೇಳಬಲ್ಲೆ. ಮೊದಲ ದಿನ ಮೂತ್ರದ ಡೈಥಯೋನೈಟ್ ಪರೀಕ್ಷೆ ಮಾಡಿದ್ದರಾ? ಮೂತ್ರಕ್ಕೆ ಸೋಡಾ ಪುಡಿ, ಡೈಥಯೋನೈಟ್ ಪುಡಿ ಹಾಕಿದರೆ ಪ್ಯಾರಾಕ್ವಾಟ್ ಇದ್ದಾಗ ನೀಲಿ ಬಣ್ಣಕ್ಕೆ ತಿರುಗುತ್ತದೆ. ಕಡು ನೀಲಿ ಬಂದರೆ ನಮಗೆ ಹೆದರಿಕೆ, ತಿಳಿ ನೀಲಿ ಬಂದರೆ ಸ್ವಲ್ಪ ಆಸೆ. ವಾರ್ಡಿನಲ್ಲೇ ಎರಡು ನಿಮಿಷದಲ್ಲಿ ಆಗುವ ಪರೀಕ್ಷೆ ಇದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಆ ಪುಡಿ ಇರಬೇಕು ಎಂದು ನಾನು ಸಿಕ್ಕಸಿಕ್ಕಲ್ಲಿ ಹೇಳುತ್ತಿರುತ್ತೇನೆ. ಎರಡನೆಯದು, ದಿನದಿನದ ಕ್ರಿಯಾಟಿನಿನ್ ಸಂಖ್ಯೆ, ಅಂದರೆ ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಸಂಖ್ಯೆ. ಮೂರನೆಯದು, ಆಕ್ಸಿಜನ್ ಇಲ್ಲದೆ ಬೆರಳಿನ ಯಂತ್ರದಲ್ಲಿ ಎಷ್ಟು ಬರುತ್ತಿದೆ.

ಅರ್ಧ ಎಕರೆ ಮಾರುವ ಬಗ್ಗೆ. ನಿಮ್ಮ ಮಾವ ಹೇಳುತ್ತಿರುವುದು ಹೀಮೋಪರ್‌ಫ್ಯೂಷನ್ ಇರಬೇಕು. ರಕ್ತವನ್ನು ಇದ್ದಿಲಿನಂಥ ವಸ್ತು ತುಂಬಿದ ಕೊಳವೆಯ ಮೂಲಕ ಹಾಯಿಸುವುದು. ಇದರಿಂದ ಏನಾದರೂ ಉಪಯೋಗ ಇದ್ದರೆ ಅದು ಮೊದಲ ಕೆಲವೇ ಗಂಟೆಗಳಲ್ಲಿ, ವಿಷ ರಕ್ತದಲ್ಲಿ ಇರುವಾಗ. ಈಗ ಅದು ಶ್ವಾಸಕೋಶ ಸೇರಿ ಕೂತಿದೆ. ರಕ್ತ ಸೋಸಿದರೆ ಅಲ್ಲಿಂದ ಬರುವುದಿಲ್ಲ. ಕಿಡ್ನಿ ಪೂರ್ತಿ ಕೆಲಸ ನಿಲ್ಲಿಸಿದರೆ ಡಯಾಲಿಸಿಸ್ ಬೇಕಾಗಬಹುದು, ಅದು ದಾವಣಗೆರೆಯಲ್ಲೇ ಆಗುತ್ತದೆ. ನನ್ನ ತಮ್ಮನಾಗಿದ್ದರೆ ಈ ಹಂತದಲ್ಲಿ ಭೂಮಿ ಮಾರಿ ಬೆಂಗಳೂರಿಗೆ ಕರೆದೊಯ್ಯುತ್ತಿರಲಿಲ್ಲ. ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಬರುತ್ತದೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ.

ಅವರು ಮೀಥೈಲ್‌ಪ್ರೆಡ್ನಿಸೊಲೋನ್, ಸೈಕ್ಲೋಫಾಸ್ಫಮೈಡ್ ಎಂಬ ಮದ್ದುಗಳನ್ನು ಕೊಡುತ್ತಿರಬಹುದು. ಶ್ವಾಸಕೋಶ ಗಟ್ಟಿಯಾಗುವುದನ್ನು ತಡೆಯಬಹುದು ಎಂದು ಬಹಳ ವರ್ಷದಿಂದ ಕೊಡುತ್ತಾ ಬಂದಿದ್ದೇವೆ. ಶ್ರೀಲಂಕಾದಲ್ಲಿ ಇದನ್ನು ದೊಡ್ಡದಾಗಿ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಸಾವು ಕಡಿಮೆಯಾಗಲಿಲ್ಲ. ಕೊಟ್ಟರೆ ತಪ್ಪು ಎನ್ನುತ್ತಿಲ್ಲ. ಕೊಡದಿದ್ದರೆ ಏನೋ ತಪ್ಪಿಹೋಯಿತು ಎಂದು ಮುಂದೆ ಜೀವಮಾನವಿಡೀ ಕೊರಗಬೇಡಿ ಎಂದು ಹೇಳುತ್ತಿದ್ದೇನೆ. ಇದಕ್ಕೆ ಪ್ರತಿವಿಷ ಇಲ್ಲ.

ಕೊನೆಗೆ ಇನ್ನೊಂದು. ಅವನ ಹತ್ತಿರ ಕೂತು ಮಾತಾಡಿ. ಯಾಕೆ ಕುಡಿದೆ ಎಂದು ಕೇಳಬೇಡಿ, ಸಾಲದ ಮಾತು ತೆಗೆಯಬೇಡಿ. ಆಸ್ಪತ್ರೆಯ ಮನೋವೈದ್ಯರು ಬಂದು ನೋಡಲಿ ಎಂದು ನೀವೇ ಕೇಳಿಕೊಳ್ಳಿ. ನಿಮಗೂ ಅಮ್ಮನಿಗೂ ರಾತ್ರಿ ಹೊತ್ತು ತಡೆಯಲಾಗದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಯಾವ ಹೊತ್ತಿಗೂ ಸಿಗುತ್ತಾರೆ.

ಚನ್ನಗಿರಿ_ತೋಟ

ಸರ್, ಎರಡು ಸಲ ಓದಿದೆ. ಅಳು ಬಂತು, ಆದರೆ ಈಗ ಅರ್ಥವಾಯಿತು. ನಮಗೆ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಾವನಿಗೂ ಓದಿ ಹೇಳಿದೆ. ಬೆಂಗಳೂರಿನ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ.

ಮೂತ್ರದ ಪರೀಕ್ಷೆ ಮಾಡಿದ್ದಾರಂತೆ, "ಪಾಸಿಟಿವ್, ತಿಳಿ ಬಣ್ಣ" ಎಂದು ಫೈಲಿನಲ್ಲಿದೆ ಎಂದು ಸಿಸ್ಟರ್ ಹೇಳಿದರು. ಕ್ರಿಯಾಟಿನಿನ್ ಸೋಮವಾರ 1.4, ಮಂಗಳವಾರ 2.3, ಇವತ್ತು 2.9. ಬೆರಳಿನ ಯಂತ್ರದಲ್ಲಿ 96. ಮೊದಲು ಹೋದ ಆಸ್ಪತ್ರೆಯಲ್ಲಿ ಮೂಗಿನ ಕೊಳವೆಯಲ್ಲಿ ಕಪ್ಪು ನೀರಿನಂಥದ್ದು ಹಾಕಿದ್ದರು. ವಾಂತಿ ನೀಲಿ ಹಸಿರಾಗಿತ್ತು ಎಂದು ಅಮ್ಮ ಹೇಳುತ್ತಾರೆ. ವಾಂತಿಯಾಗಿದ್ದರಿಂದ ವಿಷ ಎಲ್ಲ ಹೊರಗೆ ಬಂದಿರಬಹುದಲ್ವಾ?

ಇನ್ನೊಂದು ವಿಷಯ ಇದೆ. ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ನೀರು ಎಂದು ತಿಳಿದು ಕುಡಿದ ಎಂದು ಬರೆಸಿ ಎಂದು ಒಬ್ಬರು ನಮಗೆ ಹೇಳಿಕೊಟ್ಟಿದ್ದರು. ಅವನ ಮೇಲೆ ಕೇಸು ಆಗುತ್ತದಾ?

ಹಾಸನದ_ಫಿಸಿಷಿಯನ್

ಆ ಕಪ್ಪು ನೀರು ಆ್ಯಕ್ಟಿವೇಟೆಡ್ ಚಾರ್‌ಕೋಲ್. ಮೊದಲ ಆಸ್ಪತ್ರೆಯವರು ಕಳಿಸುವ ಮೊದಲೇ ಅದನ್ನು ಕೊಟ್ಟದ್ದು ಬಹಳ ಒಳ್ಳೆಯ ಕೆಲಸ. ಹೊಟ್ಟೆಯಲ್ಲಿ ಉಳಿದ ವಿಷವನ್ನು ಅದು ಹಿಡಿದುಕೊಳ್ಳುತ್ತದೆ. ಚಾರ್‌ಕೋಲ್ ಇಲ್ಲದ ಕಡೆ ಫುಲ್ಲರ್ಸ್ ಅರ್ಥ್ ಎಂಬ ಜೇಡಿಮಣ್ಣಿನ ಪುಡಿ ಕೊಡುತ್ತಾರೆ. ಪ್ಯಾರಾಕ್ವಾಟ್ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಗುಣದಿಂದಾಗಿ ಅದೂ ಕೆಲಸ ಮಾಡುತ್ತದೆ. ಎರಡಕ್ಕೂ ಬೇಗ ಕೊಡುವುದೇ ಮುಖ್ಯ.

ವಾಂತಿ ಬಗ್ಗೆ: ಹಲವು ತಯಾರಿಕೆಗಳಲ್ಲಿ ಬಣ್ಣ, ಕೆಟ್ಟ ವಾಸನೆ, ವಾಂತಿ ಬರಿಸುವ ರಾಸಾಯನಿಕ ಬೆರೆಸಿರುತ್ತಾರೆ. ಹಾಗಾಗಿ ವಾಂತಿ ಹೆಚ್ಚಿನವರಿಗೆ ಆಗುತ್ತದೆ. ಆದರೂ ಸಾಕಷ್ಟು ಒಳಗೆ ಹೋಗಿರುತ್ತದೆ. ಕ್ರಿಯಾಟಿನಿನ್ ಏರಿರುವುದೇ ಅದಕ್ಕೆ ಸಾಕ್ಷಿ. ಮನೆಯಲ್ಲಿ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಮಾತ್ರ ಬೇಡವೇ ಬೇಡ. ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತದೆ, ಶ್ವಾಸನಾಳಕ್ಕೂ ಹೋಗಬಹುದು. ಇದನ್ನು ಓದುತ್ತಿರುವ ಉಳಿದವರಿಗೂ ಹೇಳುತ್ತಿದ್ದೇನೆ.

ನೀವು ಕೊಟ್ಟ ಸಂಖ್ಯೆಗಳಲ್ಲಿ ನನಗೆ ಸ್ವಲ್ಪ ಆಸೆ ಕಾಣುತ್ತದೆ. ತಿಳಿ ಬಣ್ಣ ಒಳ್ಳೆಯದು. ಕ್ರಿಯಾಟಿನಿನ್ ಏರಿದೆ, ಆದರೆ ಮಂಗಳವಾರಕ್ಕಿಂತ ಇವತ್ತು ಏರಿಕೆ ನಿಧಾನ. ಈ ವಿಷ ಹೊರಗೆ ಹೋಗುವ ಮುಖ್ಯ ದಾರಿಯೇ ಕಿಡ್ನಿ, ಹಾಗಾಗಿ ಕಿಡ್ನಿಯ ಸ್ಥಿತಿ ಎರಡು ರೀತಿಯಲ್ಲಿ ಲೆಕ್ಕಕ್ಕೆ ಬರುತ್ತದೆ: ವಿಷ ಒಳಗೆ ಹೋಗಿದೆ ಎಂದು ಅದೇ ತೋರಿಸುತ್ತದೆ, ವಿಷ ಹೊರಗೆ ಹೋಗಬೇಕಾದದ್ದೂ ಅದರಿಂದಲೇ. ಕಿಡ್ನಿಗೆ ಆದ ಪೆಟ್ಟು ಉಳಿದವರಲ್ಲಿ ಸಾಮಾನ್ಯವಾಗಿ ಕೆಲವು ವಾರದಲ್ಲಿ ವಾಸಿಯಾಗುತ್ತದೆ. ನಾವು ಕಾಯುತ್ತಿರುವುದು ಶ್ವಾಸಕೋಶಕ್ಕೆ. ಮಲಗಿದಾಗ ಮಾತ್ರವಲ್ಲ, ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆದ ಮೇಲೂ ಬೆರಳಿನ ಸಂಖ್ಯೆ ಎಷ್ಟಿದೆ ಎಂದು ನೋಡಲು ಸಿಸ್ಟರ್‌ಗೆ ಹೇಳಿ. ಕೂತಲ್ಲಿ ಚೆನ್ನಾಗಿದ್ದು ನಡೆದಾಗ ಇಳಿಯುವುದು ಮೊದಲ ಸೂಚನೆ. ಕುತ್ತಿಗೆಯ ಚರ್ಮ ಊದಿಕೊಂಡು, ಒತ್ತಿದರೆ ಚಟಪಟ ಎನ್ನುವ ಹಾಗೆ ಆದರೆ ತಕ್ಷಣ ತಿಳಿಸಿ.

ಪೊಲೀಸ್ ವಿಷಯಕ್ಕೆ ಹೆದರಬೇಡಿ. ವಿಷದ ಪ್ರಕರಣ ಬಂದರೆ ಆಸ್ಪತ್ರೆ ಅವರಿಗೆ ತಿಳಿಸಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹೀಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡಿಸುವಂತಿಲ್ಲ. ನಿಜವನ್ನೇ ಹೇಳಿ. ಅಪ್ಪಿತಪ್ಪಿ ಕುಡಿದ ಎಂದು ಬರೆಸಿದರೆ ಮನೋವೈದ್ಯರು ಅವನನ್ನು ನೋಡುವ ಅವಕಾಶವೇ ತಪ್ಪಿಹೋಗಬಹುದು. ಅವನಿಗೆ ಅದು ಬೇಕು.

ಕಬ್ಬಿನಗದ್ದೆ_ಮಂಡ್ಯ

ಡಾಕ್ಟರೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಕಬ್ಬಿಗೆ 2,4-ಡಿ ಹೊಡೆಯುತ್ತೇವೆ, ಬದುವಿಗೆ ಗ್ಲೈಫೋಸೇಟ್. ಬೆನ್ನಿಗೆ ಹಾಕುವ ಟ್ಯಾಂಕ್ ಸೋರಿ ಸೊಂಟ, ತೊಡೆ ಎಲ್ಲ ನೆನೆಯುತ್ತದೆ. ಸಂಜೆ ತನಕ ಅದೇ ಬಟ್ಟೆ. ಇದರಿಂದಲೂ ಹೀಗೆ ಆಗುತ್ತದಾ? ಮತ್ತೆ ಆ ಔಷಧಿಗಳನ್ನು ಯಾರಾದರೂ ಕುಡಿದರೆ ಏನಾಗುತ್ತದೆ? ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಹಾಸನದ_ಫಿಸಿಷಿಯನ್

ಒಳ್ಳೆಯ ಪ್ರಶ್ನೆ.

ಗ್ಲೈಫೋಸೇಟ್ ಕುಡಿದವರಲ್ಲಿ ಹೆಚ್ಚಿನವರಿಗೆ ವಾಂತಿ, ಭೇದಿ, ಗಂಟಲು ಉರಿ ಆಗಿ ಗುಣವಾಗುತ್ತದೆ. ಶ್ರೀಲಂಕಾದಲ್ಲಿ 601 ರೋಗಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 3 ಜನ ತೀರಿಕೊಂಡಿದ್ದರು. ಮೊದಲು ಪ್ರಶ್ನೆ ಕೇಳಿದ ಚನ್ನಗಿರಿಯವರ ಊರಿನ ವ್ಯಕ್ತಿ ಬಹುಶಃ ಈ ಗುಂಪು. ಹಾಗೆಂದು ಇದನ್ನು ಹಗುರವಾಗಿ ನೋಡಬೇಡಿ. ಜಾಸ್ತಿ ಒಳಗೆ ಹೋದವರಿಗೆ, ವಯಸ್ಸಾದವರಿಗೆ ಬಿಪಿ ಕುಸಿಯುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಕಿಡ್ನಿ ನಿಲ್ಲುತ್ತದೆ, ವಾಂತಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಇದರಲ್ಲಿ ಹೆಚ್ಚಿನ ಹಾನಿ ಎಲೆಗೆ ಅಂಟಿಕೊಳ್ಳಲು ಬೆರೆಸುವ ಸೋಪಿನಂಥ ದ್ರವದಿಂದ ಆಗುತ್ತದೆ. ಗ್ಲೈಫೋಸೇಟ್‌ನಲ್ಲಿ ರಂಜಕ ಇದೆ ಎಂಬ ಕಾರಣಕ್ಕೆ ಇದನ್ನು ಆರ್ಗನೋಫಾಸ್ಫರಸ್ ಕೀಟನಾಶಕದ ಜೊತೆ ಸೇರಿಸಿ ಅಟ್ರೋಪಿನ್ ಕೊಡುವವರು ಇದ್ದಾರೆ. ಅದು ಇದಕ್ಕೆ ಬೇಕಿಲ್ಲ. 2022ರಿಂದ ಗ್ಲೈಫೋಸೇಟ್ ಅನ್ನು ಲೈಸೆನ್ಸ್ ಇರುವ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು ಎಂಬ ಕೇಂದ್ರದ ಆದೇಶ ಇದೆ. ಹಳ್ಳಿಯಲ್ಲಿ ಹೇಗೆ ನಡೆಯುತ್ತಿದೆ ಎಂದು ನಿಮಗೇ ಗೊತ್ತು.

2,4-ಡಿ ಕುಡಿದರೆ ಮಂಪರು, ಸ್ನಾಯುಗಳಲ್ಲಿ ನೋವು, ನಡುಕ, ಬಲಹೀನತೆ. ಸ್ನಾಯು ಒಡೆದು ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು. ಸೋಡಿಯಂ ಬೈಕಾರ್ಬೊನೇಟ್ ಡ್ರಿಪ್ ಹಾಕಿ ಮೂತ್ರವನ್ನು ಕ್ಷಾರಕ್ಕೆ ತಿರುಗಿಸಿದರೆ ವಿಷ ಬೇಗ ಹೊರಗೆ ಹೋಗುತ್ತದೆ. ಬೇಗ ಬಂದರೆ ನಮ್ಮ ಕೈಯಲ್ಲಿ ಏನಾದರೂ ಮಾಡಲು ಸಾಧ್ಯ ಇರುವ ವಿಷ ಇದು.

ಇನ್ನೊಂದು ಹೆಸರು ನೆನಪಿಡಿ, ಗ್ಲುಫೋಸಿನೇಟ್. ಗ್ಲೈಫೋಸೇಟ್ ಹೆಸರಿಗೆ ಹತ್ತಿರ, ಗುಣ ಬೇರೆ. ಮೊದಲ ಗಂಟೆಗಳಲ್ಲಿ ರೋಗಿ ಆರಾಮಾಗಿರುತ್ತಾನೆ. ಆಮೇಲೆ, ಕೆಲವೊಮ್ಮೆ ಮರುದಿನ, ಇದ್ದಕ್ಕಿದ್ದ ಹಾಗೆ ಫಿಟ್ಸ್ ಬಂದು ಉಸಿರು ನಿಲ್ಲುತ್ತದೆ. ಆ ಹೊತ್ತಿಗೆ ವೆಂಟಿಲೇಟರ್ ಹತ್ತಿರ ಇದ್ದರೆ ಬದುಕುತ್ತಾರೆ. ಆರಾಮಾಗಿದ್ದಾನೆ ಎಂದು ಸಹಿ ಹಾಕಿ ಮನೆಗೆ ಕರೆದೊಯ್ದರೆ ದಾರಿಯಲ್ಲೇ ಕಳೆದುಕೊಳ್ಳುತ್ತೀರಿ. ಅದಕ್ಕೇ ಮತ್ತೆ ಮತ್ತೆ ಹೇಳುವುದು, ಬಾಟಲಿ ತನ್ನಿ, ಬಾಟಲಿ ಇಲ್ಲದಿದ್ದರೆ ಲೇಬಲ್‌ನ ಫೋಟೊ ತನ್ನಿ.

ಚರ್ಮದ ವಿಷಯ: ಗಾಯವಿಲ್ಲದ ಚರ್ಮದಿಂದ ಪ್ಯಾರಾಕ್ವಾಟ್ ಅಷ್ಟಾಗಿ ಒಳಗೆ ಹೋಗುವುದಿಲ್ಲ. ಆದರೆ ಅದೇ ಚರ್ಮವನ್ನು ಸುಡುತ್ತದೆ, ಸುಟ್ಟ ಮೇಲೆ ಒಳಗೆ ದಾರಿ ಸಿಗುತ್ತದೆ. ಸೋರುವ ಟ್ಯಾಂಕ್ ಹೊತ್ತು ಗಂಟೆಗಟ್ಟಲೆ ಒದ್ದೆ ಬಟ್ಟೆಯಲ್ಲಿದ್ದು ಜೀವ ಕಳೆದುಕೊಂಡವರು ಇದ್ದಾರೆ. ವಾಷರ್ ಬದಲಿಸಲು ಆಗುವ ಖರ್ಚು ಎಷ್ಟು ಹೇಳಿ? ಮೈಮೇಲೆ ಬಿದ್ದರೆ ಆ ಕ್ಷಣವೇ ಬಟ್ಟೆ ಬಿಚ್ಚಿ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಕನಿಷ್ಠ ಕಾಲು ಗಂಟೆ ಹರಿಯುವ ನೀರಲ್ಲಿ ತೊಳೆದು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಮೊದಲ ದಿನ ಉರಿ ಕಡಿಮೆ ಇದ್ದರೂ ಹೋಗಿ. ಉಳಿದ ಔಷಧಿಯನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಇಡುವ ಅಭ್ಯಾಸವನ್ನು ಇವತ್ತೇ ಬಿಡಿ. ಮಕ್ಕಳು ಕುಡಿಯುವುದು ಹಾಗೆಯೇ.

ಗೊಬ್ಬರದಂಗಡಿ

ನಾನು ಗೊಬ್ಬರ, ಔಷಧಿ ಮಾರುವವನು. ಈ ಚರ್ಚೆ ಓದಿ ನನ್ನ ಅಂಗಡಿಯ ಪ್ಯಾರಾಕ್ವಾಟ್ ಬಾಟಲಿ ತಿರುಗಿಸಿ ನೋಡಿದೆ. ಲೇಬಲ್ ಅಕ್ಷರ ಭೂತಗನ್ನಡಿ ಹಿಡಿದು ಓದಬೇಕು. ನಮ್ಮಲ್ಲಿ ಬರುವವರು ಹೆಸರು ಕೇಳುವುದಿಲ್ಲ, "ಬೇಗ ಸುಡೋದು ಕೊಡಿ" ಎನ್ನುತ್ತಾರೆ. ಒಂದೆರಡು ದಿನದಲ್ಲೇ ಹುಲ್ಲು ಒಣಗುವುದು ಇದಕ್ಕೇ. ಡಾಕ್ಟರೇ, ಇಷ್ಟು ಅಪಾಯ ಇದ್ದರೆ ಇದನ್ನು ಮಾರಲು ಯಾಕೆ ಬಿಟ್ಟಿದ್ದಾರೆ?

ಹಾಸನದ_ಫಿಸಿಷಿಯನ್

ಇದೇ ಪ್ರಶ್ನೆ ನನ್ನದೂ. ವಿಷದ ದರ್ಜೆಯನ್ನು ನಿರ್ಧರಿಸುವುದು ಇಲಿಗಳ ಮೇಲಿನ ಪರೀಕ್ಷೆಯಿಂದ. ಆ ಲೆಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ಯಾರಾಕ್ವಾಟ್ ಅನ್ನು "ಮಧ್ಯಮ ಅಪಾಯ" ಎಂಬ ಎರಡನೇ ದರ್ಜೆಯಲ್ಲಿ ಇಟ್ಟಿದೆ. ಐಸಿಯುನಲ್ಲಿ ನಿಂತು ನೋಡಿದವರು ಯಾರೂ ಇದನ್ನು ಮಧ್ಯಮ ಎನ್ನಲಾರರು.

ಶ್ರೀಲಂಕಾ 2008ರಿಂದ ಹಂತ ಹಂತವಾಗಿ ನಿಲ್ಲಿಸಿ 2011ಕ್ಕೆ ಪೂರ್ತಿ ನಿಷೇಧಿಸಿತು. ದಕ್ಷಿಣ ಕೊರಿಯಾ 2011ರಲ್ಲಿ ನೋಂದಣಿ ರದ್ದು ಮಾಡಿ ಮರುವರ್ಷ ಮಾರಾಟ ನಿಲ್ಲಿಸಿತು. 2013ರ ಹೊತ್ತಿಗೆ ಅಲ್ಲಿ ಕೃಷಿ ವಿಷ ಕುಡಿದು ಸಾಯುವವರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಬೆಳೆಯ ಇಳುವರಿ ಕಡಿಮೆಯಾಗಲಿಲ್ಲ. ಯುರೋಪಿನಲ್ಲಿ 2007ರಿಂದ ಇಲ್ಲ. ಪಕ್ಕದ ಕೇರಳ 2011ರಲ್ಲಿ ನಿಲ್ಲಿಸಿದೆ. ಸಿಟ್ಟು ಬರುವುದು ಒಂದು ಗಳಿಗೆ. ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಯಾವ ಬಾಟಲಿ ಎನ್ನುವುದರ ಮೇಲೆ 26 ವರ್ಷದ ಹುಡುಗ ಬದುಕುತ್ತಾನೋ ಇಲ್ಲವೋ ನಿಂತಿದೆ. ಇವನು ತಾನೇ ಓಡಿ ಬಂದು ಅಮ್ಮನಿಗೆ ಹೇಳಿದ ಎಂಬುದನ್ನು ಗಮನಿಸಿ. ನಾನು ನೋಡಿದವರಲ್ಲಿ ಬಹಳ ಜನ ಹಾಗೇ ಓಡಿ ಬಂದವರು. ಕರ್ನಾಟಕದಲ್ಲೂ ಇದು ಅಂಗಡಿಯಲ್ಲಿ ಸಿಗಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಲ್ಲಿಯ ತನಕ ನಿಮ್ಮಿಂದ ಆಗುವುದು ಇದೆ. ಸಿಟ್ಟಿನಲ್ಲಿ, ಕುಡಿದು ಬಂದವರಿಗೆ, ಮಕ್ಕಳ ಕೈಯಲ್ಲಿ ಕೊಡಬೇಡಿ. ಹುಲ್ಲು ಕತ್ತರಿಸುವ ಯಂತ್ರ ಬಾಡಿಗೆಗೆ ಸಿಗುವ ಕಡೆ ಅದನ್ನು ಹೇಳಿ. ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800-116-117, ಆಂಬ್ಯುಲೆನ್ಸ್ 108. ಇವೆರಡನ್ನೂ ದೊಡ್ಡದಾಗಿ ಬರೆದು ಅಂಗಡಿಯ ಗೋಡೆಗೆ ಹಚ್ಚಿ.

ಅಕ್ಕನ_ತಮ್ಮ

ಚನ್ನಗಿರಿಯ ಅಣ್ಣನಿಗೆ. ನನ್ನ ಅಕ್ಕ ಇದೇ ಪ್ಯಾರಾಕ್ವಾಟ್ ಕುಡಿದು ಉಳಿದುಕೊಂಡವಳು. ಕಿಡ್ನಿ ಹೋಗಿ ಡಯಾಲಿಸಿಸ್ ಆಯಿತು, ಆಮೇಲೆ ಅದು ಸರಿಯಾಯಿತು. ಶ್ವಾಸಕೋಶದ ಕೆಳಭಾಗದಲ್ಲಿ ಕಲೆ ಉಳಿಯಿತು. ಮೊದಮೊದಲು ಬಾವಿಯಿಂದ ಒಂದು ಕೊಡ ನೀರು ತಂದರೂ ಏದುಸಿರು. ಈಗ ಮನೆ ಕೆಲಸ, ಹಸು ನೋಡಿಕೊಳ್ಳುವುದು ಎಲ್ಲ ಮಾಡುತ್ತಾಳೆ, ಗುಡ್ಡ ಹತ್ತಲು ಮಾತ್ರ ಆಗುವುದಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನುವುದಿಲ್ಲ. ಅಕ್ಕನ ಪಕ್ಕದ ಬೆಡ್‌ನಲ್ಲಿದ್ದ ಹುಡುಗ ಉಳಿಯಲಿಲ್ಲ. ಆದರೆ ಉಳಿದವರೂ ಇದ್ದಾರೆ ಎಂದು ನಿಮಗೆ ಹೇಳಬೇಕು ಅನಿಸಿತು.

ಊರವರ ಮಾತಿಗೆ ಕಿವಿ ಕೊಡಬೇಡಿ. ಅಕ್ಕನನ್ನು ವಿಷಕ್ಕಿಂತ ಜಾಸ್ತಿ ಸುಟ್ಟದ್ದು ನೋಡಲು ಬಂದವರ ಪ್ರಶ್ನೆಗಳು.

ಚನ್ನಗಿರಿ_ತೋಟ

ಎಲ್ಲರಿಗೂ ತುಂಬಾ ಧನ್ಯವಾದ. ಕೆಲವು ದಿನ ಬರೆಯಲಾಗಲಿಲ್ಲ. ಕ್ರಿಯಾಟಿನಿನ್ 4.1ರ ತನಕ ಹೋಗಿ ಅಲ್ಲೇ ನಿಂತು ಈಗ 2.2ಕ್ಕೆ ಇಳಿದಿದೆ. ಡಯಾಲಿಸಿಸ್ ಬೇಕಾಗಲಿಲ್ಲ. ಬಾಯಿ ಹುಣ್ಣು ಮಾಗುತ್ತಿದೆ, ರಾಗಿ ಗಂಜಿ ಕುಡಿಯುತ್ತಾನೆ. ಬೆರಳಿನ ಯಂತ್ರದಲ್ಲಿ ಕೂತಾಗ 94, ನಡೆದರೆ 91ಕ್ಕೆ ಬರುತ್ತದೆ. ಎದೆಯ ಸಿ.ಟಿ. ಮಾಡಿ ಎರಡೂ ಕಡೆ ಕೆಳಗೆ ಸ್ವಲ್ಪ ಮಬ್ಬು ಇದೆ ಎಂದರು. ಆಕ್ಸಿಜನ್ ಇನ್ನೂ ಹಾಕಿಲ್ಲ. ಈಗ ಯಾರೂ ಅದನ್ನು ಕೇಳುವುದಿಲ್ಲ, ಬದಲಿಗೆ ಅಮ್ಮನೇ ನೋಡಲು ಬಂದವರಿಗೆಲ್ಲ ಯಾಕೆ ಕೊಡಬಾರದು ಎಂದು ವಿವರಿಸುತ್ತಾರೆ. ಮನೋವೈದ್ಯರು ಎರಡು ಸಲ ಬಂದು ಅವನ ಜೊತೆ ಒಬ್ಬರೇ ಕೂತು ಮಾತಾಡಿದ್ದಾರೆ. ಸಾಲದ ವಿಷಯಕ್ಕೆ ಸೊಸೈಟಿಯಲ್ಲಿ ನಾನೇ ಹೋಗಿ ಮಾತಾಡಿ ಬಂದೆ.

ಸರ್, ನಡೆದಾಗ 91 ಎಂದರೆ ಏನು ಅರ್ಥ? ಮತ್ತೆ ಅವನು ಮೊದಲು ಬೀಡಿ ಸೇದುತ್ತಿದ್ದ. ಮನೆಗೆ ಬಂದ ಮೇಲೆ ತೋಟದ ಕೆಲಸ ಮಾಡಬಹುದಾ?

ಹಾಸನದ_ಫಿಸಿಷಿಯನ್

ಕ್ರಿಯಾಟಿನಿನ್ ಇಳಿಯುತ್ತಿರುವುದು ನಿಜಕ್ಕೂ ಒಳ್ಳೆಯ ಸುದ್ದಿ. ಓದಿ ಸಂತೋಷವಾಯಿತು.

91 ಎಂದರೆ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದೆ. ಮುಂದಿನ ಒಂದೆರಡು ವಾರ ಆ ಸಂಖ್ಯೆ ಎತ್ತ ಹೋಗುತ್ತದೆ ಎನ್ನುವುದೇ ಮುಖ್ಯ. 91ರಲ್ಲೇ ನಿಂತರೆ ಅಥವಾ ಏರಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ದಿನದಿನಕ್ಕೆ ಇಳಿಯುತ್ತಾ ಹೋದರೆ ಅವರು ಆಕ್ಸಿಜನ್ ಶುರು ಮಾಡುತ್ತಾರೆ, ಆಗ ಅದು ಅವನ ಉಸಿರಾಟದ ಕಷ್ಟ ಕಡಿಮೆ ಮಾಡಲು. ಹಾಗಾಗಿ ಇನ್ನೂ ಡಿಸ್ಚಾರ್ಜ್‌ಗೆ ಅವಸರ ಮಾಡಬೇಡಿ.

ಬೀಡಿ ಪೂರ್ತಿ ಬಂದ್. ಅಡಿಕೆ ಬೇಯಿಸುವ ಒಲೆಯ ಹೊಗೆ, ಸುಲಿಯುವಾಗಿನ ಧೂಳು ಕೂಡ ಸದ್ಯಕ್ಕೆ ಬೇಡ. ಡಿಸ್ಚಾರ್ಜ್ ಆದ ಮೇಲೆ ಒಂದು ತಿಂಗಳಿಗೆ, ಮೂರು ತಿಂಗಳಿಗೆ ಪಿ.ಎಫ್.ಟಿ. ಎಂಬ ಊದುವ ಪರೀಕ್ಷೆ ಮಾಡಿಸಿ. ಉಳಿದವರಲ್ಲಿ ಶ್ವಾಸಕೋಶದ ಶಕ್ತಿ ತಿಂಗಳುಗಟ್ಟಲೆ ಸುಧಾರಿಸುತ್ತಾ ಹೋಗುವುದನ್ನು ನೋಡಿದ್ದೇನೆ. ತೋಟದ ಕೆಲಸ ಆ ವರದಿ ನೋಡಿ ಹೇಳೋಣ. ಔಷಧಿ ಹೊಡೆಯುವ ಕೆಲಸ ಮಾತ್ರ ಅವನಿಗೆ ಬೇಡ, ಯಾವ ಔಷಧಿಯೂ. ತೋಟದ ಮನೆಯಲ್ಲಿ ಉಳಿದ ಬಾಟಲಿಗಳಿದ್ದರೆ ಅವನು ಮನೆಗೆ ಬರುವ ಮೊದಲೇ ಅಂಗಡಿಗೆ ವಾಪಸ್ ಕೊಟ್ಟುಬಿಡಿ. ಮನೋವೈದ್ಯರ ಮುಂದಿನ ತಾರೀಕನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.

ಮುಂದಿನ ಎಕ್ಸ್‌ರೇ ಮತ್ತು ನಡೆದಾಗಿನ ಸಂಖ್ಯೆ ಇಲ್ಲೇ ಹಾಕಿ, ನೋಡುತ್ತೇನೆ.